ಅರ್ಧ ಮಿಲಿಮೀಟರ್ ಹೊರಮೈ: ಫೈಬರ್ ದೋಣಿಯ ಜೆಲ್‌ಕೋಟ್ ದುರಸ್ತಿ

ಹೊನ್ನಾವರದ ಶರಾವತಿ ಅಳಿವೆಯಲ್ಲಿ ಓಡುವ ನಮ್ಮ ಫೈಬರ್ ದೋಣಿಗೆ ಮೂರು ಬಗೆಯ ಪೆಟ್ಟು ಬೀಳುತ್ತದೆ. ದಡಕ್ಕೆ ಎಳೆಯುವಾಗ ಮರಳು ಮತ್ತು ಚಿಪ್ಪು ಅಡಿಭಾಗವನ್ನು ಕೆರೆಯುತ್ತವೆ. ದಕ್ಕೆಯ ಚಿರೆಕಲ್ಲಿಗೆ ತಾಗಿದರೆ ಮುಂಭಾಗದ ಚೂರು ಹಾರುತ್ತದೆ. ಎಂಜಿನ್ ಕೂರುವ ಹಿಂಭಾಗದ ಮೂಲೆಗಳಲ್ಲಿ ಅದುರಿ ಅದುರಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಈ ಮೂರನ್ನೂ ನಾನೇ ದುರಸ್ತಿ ಮಾಡಿಕೊಳ್ಳುತ್ತಾ ಬಂದಿದ್ದೇನೆ. ಹೇಗೆ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕರಾವಳಿಯಲ್ಲಿ ಮರದ ದೋಣಿಗಳ ಜಾಗಕ್ಕೆ ಫೈಬರ್ ಬಂದರೂ ಅದನ್ನು ನೋಡಿಕೊಳ್ಳುವ ವಿದ್ಯೆ ಕನ್ನಡದಲ್ಲಿ ಬರೆದಿಟ್ಟದ್ದು ಕಡಿಮೆ.

ಫೈಬರ್ ದೋಣಿ ಹೊರಗಿನಿಂದ ಒಳಕ್ಕೆ ಹುಟ್ಟುತ್ತದೆ. ಅಚ್ಚಿಗೆ ಮೇಣ ತಿಕ್ಕಿ, ಅದರ ಮೇಲೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್ (ಹಾರ್ಡನರ್ ಸೇರಿದಾಗ ಗಟ್ಟಿಯಾಗುವ ಮಂದ ದ್ರವ) ಬಳಿಯುತ್ತಾರೆ. ಅದು ಬಿಗಿದುಕೊಂಡ ಮೇಲೆ ಗಾಜಿನ ಮ್ಯಾಟ್ ಹಾಸಿ, ರೆಸಿನ್ ಉಣಿಸಿ, ಪದರದ ಮೇಲೆ ಪದರ ಕೊಡುತ್ತಾರೆ. ಅಚ್ಚಿನಿಂದ ಬಿಡಿಸಿದಾಗ ಎಲ್ಲಕ್ಕಿಂತ ಮೊದಲು ಬಳಿದದ್ದೇ ಹೊರಮೈಯಾಗಿ ಕಾಣುತ್ತದೆ. ಅದೇ ಜೆಲ್‌ಕೋಟ್; ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅನೇಕರು ಇದನ್ನು ಬಣ್ಣವೆಂದೇ ತಿಳಿದಿದ್ದಾರೆ. ಆದರೆ ಒಳಗಿನ ಗಾಜಿನ ನಾರಿಗೂ ಉಪ್ಪುನೀರಿಗೂ ನಡುವೆ ಇರುವ ತಡೆ ಇದೊಂದೇ. ಇದು ಒಡೆದ ಕಡೆ ನೀರು ನಾರಿನ ಗುಂಟ ಒಳಗೆ ಹರಿಯುತ್ತದೆ, ನಾರು ಮತ್ತು ರೆಸಿನ್ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ಹಾಗಾಗಿ ಹೊಳಪು ಹೋದದ್ದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನಾರು ಕಂಡರೆ ಮಾತ್ರ ದೋಣಿಯನ್ನು ಮತ್ತೆ ನೀರಿಗೆ ಇಳಿಸುವುದಿಲ್ಲ.

ಕೆಲಸಕ್ಕೆ ಕೂರುವ ಮುನ್ನ ಗಾಯದ ಆಳ ತಿಳಿಯಬೇಕು. ದೋಣಿಯನ್ನು ಮಗುಚಿ, ಗಾಯದ ಸುತ್ತ ನಾಣ್ಯದ ಅಂಚಿನಿಂದ ತಟ್ಟುತ್ತಾ ಹೋಗುತ್ತೇನೆ. ಗಟ್ಟಿ ಜಾಗ ಟಣ್ ಎಂದು ಚುರುಕಾಗಿ ನುಡಿಯುತ್ತದೆ; ಪದರ ಬಿಟ್ಟುಕೊಂಡ ಜಾಗದಲ್ಲಿ ಸದ್ದು ಮಂಕಾಗುತ್ತದೆ. ಮಂಕಾದ ಜಾಗದ ಗಡಿಯನ್ನು ಪೆನ್ಸಿಲ್ಲಿನಿಂದ ಗುರುತಿಸಿಕೊಳ್ಳುತ್ತೇನೆ. ಹಲವು ಸಲ ಹೊರಗೆ ಬೆರಳಗಲ ಕಾಣುವ ಚೂರಿನ ಹಿಂದೆ ಅಂಗೈಯಗಲ ಪೊಳ್ಳು ಇರುತ್ತದೆ. ಬಿರುಕುಗಳ ಆಕಾರವೂ ಮಾತಾಡುತ್ತದೆ. ಒಂದು ಬಿಂದುವಿನಿಂದ ನಾಲ್ಕೂ ಕಡೆಗೆ ಚದುರಿದ್ದರೆ ಅಲ್ಲಿ ಏನೋ ಬಡಿದಿದೆ. ಒಂದರ ಪಕ್ಕ ಒಂದರಂತೆ ಸಾಲಾಗಿದ್ದರೆ ಆ ಭಾಗ ಬಾಗುತ್ತಿದೆ ಎಂದು ಅರ್ಥ. ಎಂಜಿನ್ ಮೂಲೆಯ ಬಿರುಕು ಈ ಎರಡನೆಯ ಜಾತಿಯದು. ಅದಕ್ಕೆ ಹೊರಗಿನಿಂದ ಎಷ್ಟು ಚಂದ ಲೇಪ ಕೊಟ್ಟರೂ ಮುಂದಿನ ಹಂಗಾಮಿಗೆ ಅದೇ ಜಾಗದಲ್ಲಿ ಅದೇ ಗೆರೆ ಎದ್ದು ಬರುತ್ತದೆ. ಮೊದಲು ಒಳಗಿನಿಂದ ಮ್ಯಾಟ್ ಪದರ ಕೊಟ್ಟು ಬಾಗುವಿಕೆ ನಿಲ್ಲಿಸಬೇಕು, ಆಮೇಲೆ ಹೊರಗಿನ ಕೆಲಸ.

ಅಡಿಭಾಗದಲ್ಲಿ ಗುಳ್ಳೆಗಳಿದ್ದರೆ ಅದು ಬೇರೆಯೇ ಕಥೆ. ಸದಾ ನೀರಿನಲ್ಲೇ ಕಟ್ಟಿಡುವ ದೋಣಿಗಳಲ್ಲಿ ಜೆಲ್‌ಕೋಟ್ ಮೂಲಕ ನೀರು ನಿಧಾನವಾಗಿ ಒಳಗೆ ಇಳಿದು, ಅಲ್ಲಿ ಕರಗುವ ವಸ್ತುಗಳನ್ನು ಕರಗಿಸಿಕೊಂಡು, ಇನ್ನಷ್ಟು ನೀರನ್ನು ಎಳೆದುಕೊಂಡು ಉಬ್ಬುತ್ತದೆ. ಗುಳ್ಳೆಯನ್ನು ಚುಚ್ಚುವಾಗ ಕನ್ನಡಕ ಹಾಕಿಕೊಂಡಿರಬೇಕು, ಒಳಗಿನ ದ್ರವ ಒತ್ತಡದಿಂದ ಚಿಮ್ಮುತ್ತದೆ. ಬೆರಳಿಗೆ ಜಿಗುಟು, ಮೂಗಿಗೆ ವಿನಿಗರ್ ವಾಸನೆ. ಇಂಥ ಗುಳ್ಳೆಗಳನ್ನೆಲ್ಲ ತೆರೆದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಒಣಗಲು ಬಿಡದೆ ಮುಚ್ಚಿದರೆ ನೀರನ್ನು ಒಳಗೇ ಕೂಡಿಹಾಕಿದಂತೆ.

ಆದ್ದರಿಂದ ಕಾಲ ಮುಖ್ಯ. ಮಳೆಗಾಲದಲ್ಲಿ ದೋಣಿ ಹೇಗೂ ದಡದಲ್ಲಿರುತ್ತದೆ, ಕೈಯೂ ಖಾಲಿ ಇರುತ್ತದೆ, ಆದರೂ ನಾನು ಆಗ ರೆಸಿನ್ ಡಬ್ಬ ತೆರೆಯುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಒಣ ಗಾಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆಗಲೂ ಬೆಳಗಿನ ಇಬ್ಬನಿ ದೋಣಿಯ ಮೈಮೇಲೆ ಕಣ್ಣಿಗೆ ಕಾಣದಂತೆ ಕೂತಿರುತ್ತದೆ. ಬಿಸಿಲೇರಿ ಮೈ ಒಣಗುವವರೆಗೆ ಕಾದು, ನಂತರ ನೆರಳಿಗೆ ಎಳೆದು ಕೆಲಸ ಶುರು ಮಾಡುತ್ತೇನೆ. ನೇರ ಬಿಸಿಲಿನಲ್ಲಿ ಲೇಪ ಕೊಟ್ಟರೆ ಅದು ಹರಡುವ ಮೊದಲೇ ಬಿಗಿಯುತ್ತದೆ, ಗಾಳಿಯ ಗುಳ್ಳೆಗಳು ಒಳಗೇ ಉಳಿಯುತ್ತವೆ.

ಈಗ ತೊಳೆಯುವ ವಿಚಾರ. ದುರಸ್ತಿ ಕಿತ್ತುಬಂದ ದೋಣಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಹೆಚ್ಚಿನವುಗಳಲ್ಲಿ ಕಾರಣ ಇಲ್ಲೇ ಇರುತ್ತದೆ. ನಮ್ಮ ದೋಣಿಗಳ ಮೈಯಲ್ಲಿ ಉಪ್ಪು, ಡೀಸೆಲ್, ಎಂಜಿನ್ ಆಯಿಲ್, ತಾರ್ಲೆ–ಬಂಗುಡೆಯ ಕೊಬ್ಬು ಎಲ್ಲವೂ ಅಂಟಿಕೊಂಡಿರುತ್ತವೆ. ಮರದ ದೋಣಿಗೆ ಎಣ್ಣೆ ಬಳಿದ ಅಭ್ಯಾಸದಿಂದ ಫೈಬರ್‌ಗೂ ಎಣ್ಣೆ ಕೈ ಸವರುವವರಿದ್ದಾರೆ. ಎಣ್ಣೆ ಇದ್ದಲ್ಲಿ ರೆಸಿನ್ ಹಿಡಿಯುವುದಿಲ್ಲ. ಮೊದಲು ಸೋಪು ಮತ್ತು ಸಿಹಿನೀರು, ಒಣಗಿದ ಮೇಲೆ ಅಸಿಟೋನ್. ಅಸಿಟೋನ್ ಹಚ್ಚಿದ ಬಟ್ಟೆಯನ್ನು ಒಂದೇ ದಿಕ್ಕಿಗೆ ಎಳೆದು, ಪ್ರತಿ ಸಲವೂ ಬಟ್ಟೆಯ ಹೊಸ ಭಾಗ ಬಳಸುತ್ತೇನೆ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಜಿಡ್ಡು ಜಾಗ ಬದಲಿಸುತ್ತದೆ ಅಷ್ಟೆ. ಇದೆಲ್ಲ ಎಮರಿ ಪೇಪರ್ ಮುಟ್ಟುವ ಮೊದಲೇ ಆಗಬೇಕು. ಮೇಣ ಮತ್ತು ಜಿಡ್ಡು ಇರುವಾಗಲೇ ಉಜ್ಜಿದರೆ ಅವನ್ನು ನಾವೇ ಗೀರುಗಳೊಳಗೆ ತುರುಕಿದಂತಾಗುತ್ತದೆ. ಶುಚಿಯಾಗಿದೆಯೇ ಎಂದು ನೋಡಲು ಸ್ವಲ್ಪ ಸಿಹಿನೀರು ಚಿಮುಕಿಸುತ್ತೇನೆ. ಹನಿಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ, ತೆಳುವಾಗಿ ಹರಡಿದರೆ ಹೋಗಿದೆ.

ಬಿರುಕನ್ನು ತುಂಬಬೇಕಾದರೆ ಅದನ್ನು ಮೊದಲು ಅಗಲ ಮಾಡಬೇಕು. ಹೊಸಬರಿಗೆ ಇದಕ್ಕೆ ಮನಸ್ಸು ಬರುವುದಿಲ್ಲ. ಕೂದಲೆಳೆಯ ಸೀಳಿನೊಳಗೆ ದಪ್ಪ ಜೆಲ್‌ಕೋಟ್ ಇಳಿಯುವುದೇ ಇಲ್ಲ. ಮೇಲೆ ತೆಳುವಾಗಿ ಕೂತು ಮೊದಲ ಅದುರಿಗೆ ಸೀಳುತ್ತದೆ. ನಾನು ಹಳೆಯ ಸ್ಕ್ರೂಡ್ರೈವರ್ ತುದಿಯನ್ನು ಬಗ್ಗಿಸಿ ಚೂಪು ಮಾಡಿ ಇಟ್ಟುಕೊಂಡಿದ್ದೇನೆ. ಅದನ್ನು ಬಿರುಕಿನ ಮೇಲೆ ನನ್ನ ಕಡೆಗೆ ಎಳೆದಾಗ ಬಿಳಿ ಪುಡಿ ಸುರುಳಿಯಾಗಿ ಏಳುತ್ತದೆ. ಬಿರುಕಿನ ಕಪ್ಪು ಗೆರೆ ತಳದಲ್ಲಿ ಇನ್ನೂ ಕಾಣುತ್ತಿದ್ದರೆ ಮತ್ತೊಮ್ಮೆ ಎಳೆಯುತ್ತೇನೆ. ಗೆರೆ ಮಾಯವಾಗಿ, ಇಕ್ಕೆಲವೂ ಇಳಿಜಾರಾದ ಕಾಲುವೆ ಉಳಿಯಬೇಕು. ಬಿರುಕು ಮುಗಿದಂತೆ ಕಂಡ ತುದಿಯಿಂದ ಇನ್ನೂ ಸ್ವಲ್ಪ ಮುಂದಕ್ಕೆ ತೆಗೆಯುತ್ತೇನೆ. ಕೊನೆಗೆ ಕಾಲುವೆಯನ್ನೂ ಅಂಚನ್ನೂ 80ರ ಎಮರಿಯಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಉಜ್ಜಿದರೆ ಹಿಡಿತ ಸಿಗುತ್ತದೆ.

ನಾರು ತುಂಡಾಗಿದ್ದರೆ ಬರೀ ಜೆಲ್‌ಕೋಟ್ ಸಾಲದು, ಅದಕ್ಕೆ ಬಲವಿಲ್ಲ. ಅಲ್ಲಿ ಗ್ರೈಂಡರ್‌ನಿಂದ ಹಾಳಾದ ಪದರ ತೆಗೆದು, ಆಳದ ಹನ್ನೆರಡು ಪಟ್ಟು ಅಗಲಕ್ಕೆ ಅಂಚನ್ನು ಇಳಿಜಾರು ಮಾಡುತ್ತೇನೆ. 3 ಮಿಲಿಮೀಟರ್ ಆಳವಿದ್ದರೆ ಸುತ್ತ 36 ಮಿಲಿಮೀಟರ್. ಚದರ ಮೀಟರಿಗೆ 450 ಗ್ರಾಮ್ ತೂಗುವ ಮ್ಯಾಟ್ ಒಂದು ಪದರಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪ ಕೊಡುತ್ತದೆ ಎಂದು ಲೆಕ್ಕ ಹಾಕಿ, ಜೆಲ್‌ಕೋಟ್‌ಗೆ ಅರ್ಧ ಮಿಲಿಮೀಟರ್ ಜಾಗ ಬಿಟ್ಟು ತುಂಬುತ್ತೇನೆ. ಪೇಟೆಯಲ್ಲಿ ಸಿಗುವ ಎರಡು ಉಂಡೆ ನಾದಿ ಮೆತ್ತುವ ಎಪಾಕ್ಸಿ ಪುಟ್ಟಿಯನ್ನು ಇಲ್ಲಿ ಬಳಸುವುದಿಲ್ಲ. ಎಪಾಕ್ಸಿ ತಾನು ಗಟ್ಟಿಯಾಗಿ ಕೂರುತ್ತದೆ, ನಿಜ. ಆದರೆ ಅದರ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಅಂಟುವುದಿಲ್ಲ. ಕಾರಿನ ಪುಟ್ಟಿಯೂ ನೀರಿನ ಮಟ್ಟದ ಕೆಳಗೆ ಬೇಡ. ಅದರೊಳಗಿನ ಟಾಲ್ಕ್ ಪುಡಿ ನೀರು ಹೀರುತ್ತದೆ.

ಬೆರೆಸುವುದಕ್ಕೆ ಮುನ್ನ ಒಂದು ಎಚ್ಚರಿಕೆ. ನಮ್ಮ ಅಂಗಡಿಗಳಲ್ಲಿ ರೆಸಿನ್ ಜೊತೆಗೆ ಎರಡು ಸಣ್ಣ ಬಾಟಲಿ ಕೊಡುತ್ತಾರೆ: ಗಟ್ಟಿಯಾಗುವುದನ್ನು ಚುರುಕುಗೊಳಿಸುವ ನೇರಳೆ ಬಣ್ಣದ ಕೋಬಾಲ್ಟ್ ಮತ್ತು ನೀರಿನಂತೆ ಕಾಣುವ ಹಾರ್ಡನರ್. ಇವೆರಡನ್ನೂ ಎಂದೂ ನೇರವಾಗಿ ಸೇರಿಸಬಾರದು, ಒಂದೇ ಚಮಚ ಎರಡಕ್ಕೂ ಬಳಸಬಾರದು. ಬೆಂಕಿ ಹತ್ತಬಹುದು, ಸ್ಫೋಟಿಸಬಹುದು. ಕೋಬಾಲ್ಟ್ ಅನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಜೆಲ್‌ಕೋಟ್ ಡಬ್ಬದಲ್ಲಿ ಕೋಬಾಲ್ಟ್ ಮೊದಲೇ ಬೆರೆತಿದೆಯೇ ಎಂದು ಕೇಳಿಯೇ ತರುತ್ತೇನೆ. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಹಾಕದೆ ಈ ಬಾಟಲಿಯ ಮುಚ್ಚಳ ತೆಗೆಯುವವರನ್ನು ಕಂಡರೆ, ಅವರು ಎಷ್ಟೇ ಹಿರಿಯರಾಗಿರಲಿ, ನಾನು ತಡೆದು ಹೇಳುತ್ತೇನೆ. ಉಜ್ಜುವಾಗ ಮೂಗಿಗೆ ಒಳ್ಳೆಯ ಮಾಸ್ಕ್ ಬೇಕು, ಕೈಗೆ ಉದ್ದ ತೋಳಿನ ಅಂಗಿ. ಹತ್ತಿರದಲ್ಲಿ ಬೀಡಿ ಬೇಡವೇ ಬೇಡ. ಅಸಿಟೋನ್ ಆವಿ ಕಿಡಿಗಾಗಿ ಕಾಯುತ್ತಿರುತ್ತದೆ.

ಬಣ್ಣ ಹೊಂದಿಸುವುದು ನನಗೆ ಇಡೀ ಕೆಲಸದಲ್ಲಿ ಹೆಚ್ಚು ಪ್ರೀತಿಯದು. ಬಿಳಿ ದೋಣಿ ಎಂದುಕೊಂಡು ಬಿಳಿ ತಂದರೆ, ಹಳೆಯ ಮೈಮೇಲೆ ಅದು ಸುಣ್ಣ ಬಳಿದಂತೆ ಎದ್ದು ಕಾಣುತ್ತದೆ. ಬಿಸಿಲು ಬಿಳಿಯನ್ನು ಹಳದಿಗೆ ತಿರುಗಿಸಿರುತ್ತದೆ, ಒಂದೇ ದೋಣಿಯ ಎರಡು ಮಗ್ಗುಲಲ್ಲೂ ಒಂದೇ ಪ್ರಮಾಣದಲ್ಲಿ ಅಲ್ಲ. ಮೊದಲು ಗಾಯದ ಪಕ್ಕದ ಜಾಗಕ್ಕೆ ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿ, ಮೇಲಿನ ಸೀಮೆಸುಣ್ಣದಂಥ ಪುಡಿ ಹೋದ ಮೇಲೆ ಕಾಣುವ ಬಣ್ಣವನ್ನೇ ಅಳತೆಯಾಗಿ ಇಟ್ಟುಕೊಳ್ಳುತ್ತೇನೆ. ಬಿಳಿ ಜೆಲ್‌ಕೋಟ್‌ಗೆ ಹಳದಿ, ಕಂದು, ಕಪ್ಪು ಪಿಗ್ಮೆಂಟ್ ಪೇಸ್ಟ್ ಸೇರಿಸುವುದು ಬೆಂಕಿಕಡ್ಡಿಯ ತುದಿಯಲ್ಲಿ. ಕಪ್ಪು ಒಂದು ಚುಕ್ಕೆ ಹೆಚ್ಚಾದರೂ ಡಬ್ಬವೆಲ್ಲ ಬೂದು ಬಣ್ಣಕ್ಕೆ ತಿರುಗುತ್ತದೆ, ಹಿಂದಕ್ಕೆ ತರುವುದು ಕಷ್ಟ. ಕಲಸಿದ್ದನ್ನು ದೋಣಿಯ ಮೈಮೇಲೆಯೇ ಬೆರಳಿನಿಂದ ಒಂದು ಬೊಟ್ಟು ಇಟ್ಟು, ತೆರೆದ ನೆರಳಿನ ಬೆಳಕಿನಲ್ಲಿ ನೋಡುತ್ತೇನೆ. ಟ್ಯೂಬ್‌ಲೈಟ್ ಕೆಳಗೆ ಹೊಂದಿದ್ದು ಹೊರಗೆ ಹೊಂದುವುದಿಲ್ಲ. ಗಟ್ಟಿಯಾದ ಮೇಲೆ ಬಣ್ಣ ಸ್ವಲ್ಪ ಬದಲಾಗಬಹುದು, ಆದ್ದರಿಂದ ಅದೇ ಮಿಶ್ರಣದ ಒಂದು ಚೂರಿಗೆ ಹಾರ್ಡನರ್ ಹಾಕಿ ಒಣಗಿಸಿ ನೋಡಿದ ಮೇಲೆಯೇ ದೊಡ್ಡ ಕೆಲಸ.

ಹಾರ್ಡನರ್ ಪ್ರಮಾಣ 100 ಗ್ರಾಮ್ ಜೆಲ್‌ಕೋಟ್‌ಗೆ ಒಂದೂವರೆ ಮಿಲಿಲೀಟರ್, ಸೂಜಿ ತೆಗೆದ ಸಿರಿಂಜ್‌ನಲ್ಲಿ ಅಳೆದು. ತಂಪು ಬೆಳಗಾದರೆ ಎರಡರವರೆಗೆ ಹೋಗುತ್ತೇನೆ. ಬಿಸಿಲಿದೆ ಎಂದು ಒಂದಕ್ಕಿಂತ ಕೆಳಗೆ ಇಳಿಸಿದರೆ ಲೇಪ ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ನಮ್ಮ ಸೆಕೆಯಲ್ಲಿ ಕೈಗೆ ಸಿಗುವುದು ಕಾಲು ಗಂಟೆಯೂ ಇಲ್ಲ, ಹಾಗಾಗಿ 50 ಗ್ರಾಮಿಗಿಂತ ಹೆಚ್ಚು ಒಮ್ಮೆಗೆ ಕಲಸುವುದಿಲ್ಲ, ಅಗಲ ತಟ್ಟೆಯಲ್ಲೇ ಕಲಸುತ್ತೇನೆ. ಆಳದ ಲೋಟದಲ್ಲಿ ಅದು ತನ್ನ ಬಿಸಿಗೆ ತಾನೇ ಬೇಗ ಬಿಗಿಯುತ್ತದೆ. ನಿಂತ ಮೈಗೆ ಹಚ್ಚುವುದಾದರೆ ಏರೋಸಿಲ್ ಎಂಬ ಹಗುರವಾದ ಸಿಲಿಕಾ ಪುಡಿ ಸೇರಿಸಿ, ಇಳಿಯದಷ್ಟು ಮಂದ ಮಾಡಿಕೊಳ್ಳುತ್ತೇನೆ.

ಹಚ್ಚುವುದು ಸುಲಭ: ಪುಟ್ಟಿ ಬ್ಲೇಡಿನಿಂದ ಕಾಲುವೆಯ ತಳಕ್ಕೆ ಒತ್ತಿ, ಗಾಳಿ ಹೊರಗೆ ಬರುವಂತೆ ಎಳೆದು, ಸುತ್ತಲಿನ ಮೈಗಿಂತ ತುಸು ಎತ್ತರಕ್ಕೆ ಬಿಡುವುದು. ಒಣಗುವಾಗ ಅದು ಕುಗ್ಗುತ್ತದೆ. ಹೊಸಬರು ಸೋಲುವುದು ಇದರ ನಂತರ. ಮಾರನೆಯ ದಿನವೂ ಮೇಲ್ಮೈ ಅಂಟಂಟಾಗಿಯೇ ಇರುತ್ತದೆ, ಹಾರ್ಡನರ್ ಕಡಿಮೆಯಾಯಿತೆಂದು ಎಲ್ಲ ಕೆರೆದು ತೆಗೆಯುತ್ತಾರೆ. ಕಾರಣ ಗಾಳಿಯ ಆಮ್ಲಜನಕ. ಪಾಲಿಯೆಸ್ಟರ್‌ನ ಹೊರಪದರ ಗಾಳಿಗೆ ತೆರೆದಿದ್ದರೆ ಆಮ್ಲಜನಕ ಅದನ್ನು ಬಿಗಿಯಲು ಬಿಡುವುದಿಲ್ಲ. ಕಾರ್ಖಾನೆಯಲ್ಲಿ ಅಚ್ಚಿನ ಮೈಯೇ ಆ ಕಡೆ ಗಾಳಿಯನ್ನು ತಡೆದಿರುತ್ತದೆ. ನಾನು ಹಚ್ಚಿದ ತಕ್ಷಣ ದಪ್ಪನೆಯ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯನ್ನು ಒಂದು ತುದಿಯಿಂದ ಮಲಗಿಸುತ್ತಾ ಹೋಗಿ, ಒಳಗಿನ ಗಾಳಿಯನ್ನು ಒತ್ತಿ ಹೊರಹಾಕಿ, ಸುತ್ತ ಟೇಪ್ ಅಂಟಿಸುತ್ತೇನೆ. ಹಾಳೆ ಕಿತ್ತಾಗ ಲೇಪ ಗಾಜಿನಂತೆ ನುಣುಪಾಗಿರುತ್ತದೆ, ಉಜ್ಜುವ ಶ್ರಮ ಅರ್ಧ ಉಳಿಯುತ್ತದೆ. ದೊಡ್ಡ ಜಾಗಕ್ಕೆ ಹಾಳೆ ಹೊಂದದಿದ್ದರೆ ಕೊನೆಯ ಪದರಕ್ಕೆ ಮಾತ್ರ ಮೇಣದ ದ್ರಾವಣ ಬೆರೆಸುತ್ತೇನೆ; ಮೇಣ ಮೇಲಕ್ಕೆ ತೇಲಿ ಗಾಳಿಯನ್ನು ತಡೆಯುತ್ತದೆ. ಕೆಳಗಿನ ಪದರಗಳಿಗೆ ಅದನ್ನು ಹಾಕಿದರೆ ಮುಂದಿನ ಪದರ ಅಂಟುವುದಿಲ್ಲ.

ಉಜ್ಜುವಾಗ ಕಾಗದವನ್ನು ಬರಿಗೈಯಲ್ಲಿ ಹಿಡಿಯಬಾರದು. ಬೆರಳುಗಳ ನಡುವೆ ಒತ್ತಡ ಹೆಚ್ಚುಕಡಿಮೆಯಾಗಿ ಅಲೆಗಳೇಳುತ್ತವೆ. ಚಿಕ್ಕ ಮರದ ತುಂಡಿಗೆ ಸುತ್ತಿ, 220ರಿಂದ ಶುರು ಮಾಡಿ, ಉಬ್ಬು ಸಮವಾದ ಮೇಲೆ 400, 600, 800, 1000 ಹೀಗೆ ನೀರು ಹಾಕುತ್ತಾ ಏರುತ್ತೇನೆ. ಪ್ರತಿ ಕಾಗದಕ್ಕೂ ದಿಕ್ಕು ಬದಲಿಸಿದರೆ ಹಿಂದಿನ ಗೀರು ಪೂರ್ತಿ ಹೋಯಿತೇ ಎಂದು ಕಣ್ಣಿಗೆ ತಿಳಿಯುತ್ತದೆ. ಸುತ್ತಲಿನ ಹಳೆಯ ಜೆಲ್‌ಕೋಟ್ ಇರುವುದೇ ಅರ್ಧ ಮಿಲಿಮೀಟರ್ ಎಂಬುದನ್ನು ಇಲ್ಲಿ ಮರೆಯಬಾರದು. ಮಾಸ್ಕಿಂಗ್ ಟೇಪನ್ನು ಗಾಯದ ಅಂಚಿಗೆ ಹತ್ತಿರ ಅಂಟಿಸಿ, ಉಬ್ಬು ಇಳಿಯುವವರೆಗೆ ಅದನ್ನು ತೆಗೆಯುವುದಿಲ್ಲ. ನೀರಿನ ಮಟ್ಟದ ಕೆಳಗಾದರೆ 400ಕ್ಕೆ ನಿಲ್ಲಿಸುತ್ತೇನೆ, ಅಲ್ಲಿ ಹೊಳಪು ನೋಡುವವರು ಯಾರೂ ಇಲ್ಲ. ಮೇಲ್ಭಾಗಕ್ಕೆ ಕಾಂಪೌಂಡ್, ನಂತರ ಮೇಣ.

ಉಗುರಿನಿಂದ ಒತ್ತಿ ನೋಡಿ ಗುರುತು ಬೀಳದಿದ್ದರೂ ದೋಣಿಯನ್ನು ಕೆಲವು ದಿನ ದಡದಲ್ಲೇ ಬಿಡುತ್ತೇನೆ, ರೆಸಿನ್‌ನಲ್ಲಿರುವ ಸ್ಟೈರೀನ್‌ನ ಘಾಟು ವಾಸನೆ ಮೂಗು ಹತ್ತಿರ ಒಯ್ದರೂ ಸಿಗದಂತಾಗುವವರೆಗೆ. ಪ್ರವಾಸಿಗರ ಹಂಗಾಮಿನಲ್ಲಿ ಹೀಗೆ ಬಿಡುವುದು ನಷ್ಟವೇ. ಜೊತೆಯವರು ‘ಇವತ್ತೇ ಇಳಿಸಿಬಿಡಿ ಅಣ್ಣ, ಒಣಗಿದೆಯಲ್ಲ’ ಎನ್ನುತ್ತಾರೆ. ಇಳಿಸುವುದಿಲ್ಲ. ಇಳಿಸಿದ ಮೇಲೆ ಮೊದಲ ವಾರ ದೋಣಿ ಮೇಲೆ ಬಂದಾಗಲೆಲ್ಲ ದುರಸ್ತಿಯ ಅಂಚಿನ ಸುತ್ತ ಬೆರಳು ಓಡಿಸುತ್ತೇನೆ. ಎಲ್ಲಾದರೂ ತುದಿ ಎದ್ದಿದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ, ಆಗ ಅಷ್ಟು ಭಾಗವನ್ನು ಮಾತ್ರ ತೆರೆದು ತೊಳೆಯುವುದರಿಂದ ಮತ್ತೆ ಶುರು ಮಾಡುತ್ತೇನೆ.