ಒಬ್ಬರಿಗೆ ಪಥ್ಯ ಬೇಡ, ಮನೆಯ ಅಡುಗೆಯೇ ಬದಲಾಗಲಿ

ಹೊಸ ವರ್ಷ ಬಂತೆಂದರೆ ಶೂ ಕೊಳ್ಳುವವರು, ಜಿಮ್‌ಗೆ ವರ್ಷದ ದುಡ್ಡು ಒಟ್ಟಿಗೇ ಕಟ್ಟುವವರು ತುಂಬಾ ಜನ. ಸಂಕ್ರಾಂತಿಗೆ ಎಳ್ಳು ಬೀರುವ ಹೊತ್ತಿಗೆ ಆ ಶೂ ಮೂಲೆ ಸೇರಿರುತ್ತದೆ. ಹೃದಯ ಚೆನ್ನಾಗಿರಲಿ ಎಂಬ ಆಸೆ ನಿಜವಾಗಿಯೂ ಇದ್ದರೆ ಮೊದಲು ದಿನಸಿ ಚೀಟಿ ತಿದ್ದಿ. ಮನೆಗೆ ಬಂದ ಪದಾರ್ಥ ಯಾರದಾದರೂ ಹೊಟ್ಟೆ ಸೇರಿಯೇ ಸೇರುತ್ತದೆ.

ಬಿಪಿ ಇರುವ ಯಜಮಾನರಿಗೆ ಮಾತ್ರ ಸಪ್ಪೆ ಸಾರು ತೆಗೆದಿಟ್ಟು, ಮಿಕ್ಕವರಿಗೆ ಬೇರೆ ಮಾಡುವ ಮನೆಗಳುಂಟು. ಅದು ಜಾಸ್ತಿ ದಿನ ನಡೆಯುವುದಿಲ್ಲ. ಪಕ್ಕದ ತಟ್ಟೆಯಲ್ಲಿ ಹಪ್ಪಳ ಮುರಿಯುವ ಸದ್ದು ಕೇಳಿದರೆ ಯಾರ ಕೈ ತಾನೇ ಸುಮ್ಮನಿರುತ್ತದೆ? ಮಕ್ಕಳ ನಾಲಿಗೆಯೂ ಇದೇ ಅಡುಗೆಮನೆಯಲ್ಲಿ ಪಳಗುವುದು, ಅಲ್ವಾ. ಆದ್ದರಿಂದ ಎಲ್ಲರಿಗೂ ಒಂದೇ ಅಡುಗೆ ಮಾಡಿ, ಅದನ್ನೇ ಸರಿಯಾಗಿ ಮಾಡಿ.

ಉಪ್ಪಿನಿಂದ ಶುರು ಮಾಡೋಣ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಮಟ್ಟಸವಾಗಿ ತುಂಬಿದ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಲೆಕ್ಕ ಹಾಕಿ ನೋಡಿ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಆಯಿತು. ಒಂದು ಕೆಜಿ ಪ್ಯಾಕೆಟ್ ಒಂದೂವರೆ ತಿಂಗಳಾದರೂ ಬರಬೇಕು. ಉಪ್ಪಿನಕಾಯಿ, ಸಂಡಿಗೆ, ಬ್ರೆಡ್ಡು, ಹೋಟೆಲ್ ತಿಂಡಿಯ ಉಪ್ಪೆಲ್ಲ ಇದೇ 5 ಗ್ರಾಂ ಒಳಗೆ ಬರಬೇಕು, ಹಾಗಾಗಿ ಪ್ಯಾಕೆಟ್ ಇನ್ನೂ ಹೆಚ್ಚು ದಿನ ಬಂದರೆ ಒಳ್ಳೆಯದು. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆದಿಡಿ. ಖಾಲಿಯಾದ ದಿನ ನಿಮಗೇ ಗೊತ್ತಾಗುತ್ತದೆ, ಮನೆಯಲ್ಲಿ ಯಾರೊಂದಿಗೂ ವಾದ ಮಾಡಬೇಕಿಲ್ಲ.

ಒಮ್ಮೆಲೇ ಅರ್ಧಕ್ಕೆ ಇಳಿಸಬೇಡಿ, ಜಗಳವಾಗುತ್ತದೆ. ವಾರವಾರ ಚಿಟಿಕೆ ಚಿಟಿಕೆ ಕಡಿಮೆ ಮಾಡಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ, ಆಮೇಲೆ ಹೊರಗಿನ ಊಟವೇ ಉಪ್ಪುಪ್ಪು ಅನಿಸುತ್ತದೆ. ಅನ್ನಕ್ಕೆ, ಮುದ್ದೆಗೆ, ಚಪಾತಿ ಹಿಟ್ಟಿಗೆ ಉಪ್ಪು ಬೇಕಿಲ್ಲ, ಸಾರು ಪಲ್ಯದಲ್ಲಿ ಹೇಗೂ ಇರುತ್ತದೆ. ಪಲ್ಯ ಇಳಿಸುವ ಮುಂಚೆ ನಿಂಬೆರಸ ಹಿಂಡಿ, ಸಾರಿಗೆ ಮೆಣಸು ಜೀರಿಗೆ ಸ್ವಲ್ಪ ಮುಂದಾಗಿ ಹಾಕಿ, ಮಜ್ಜಿಗೆಗೆ ಶುಂಠಿ, ಕರಿಬೇವು ಜಜ್ಜಿ ಹಾಕಿ. ಸಪ್ಪೆ ಎಂದು ಯಾರೂ ಹೇಳುವುದಿಲ್ಲ. ಎಲೆಯ ತುದಿಗೆ ಉಪ್ಪು ಬಡಿಸುವುದು ಶಾಸ್ತ್ರಕ್ಕೆ. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಡುವುದು ಯಾವ ಶಾಸ್ತ್ರವೂ ಅಲ್ಲ, ಎತ್ತಿಡಿ.

ಸೈಂಧವ ಲವಣ, ಕಲ್ಲುಪ್ಪು ಎಷ್ಟು ತಿಂದರೂ ಏನೂ ಆಗುವುದಿಲ್ಲ ಎಂದು ಮೊಬೈಲಿನಲ್ಲಿ ಓಡಾಡುವ ಮಾತು ನಂಬಬೇಡಿ. ಅವೂ ಹೆಚ್ಚುಕಡಿಮೆ ಸೋಡಿಯಂ ಉಪ್ಪೇ. ಬಣ್ಣ ಗುಲಾಬಿಯಾದ ಮಾತ್ರಕ್ಕೆ ಬಿಪಿ ಏರುವುದು ನಿಲ್ಲುವುದಿಲ್ಲ. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪು ಅಂಗಡಿಯಲ್ಲಿ ಸಿಗುತ್ತದೆ. ಅದು ಕೆಲವರಿಗೆ ಒಳ್ಳೆಯದೇ. ಆದರೆ ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅಪಾಯ. ಡಾಕ್ಟರನ್ನು ಕೇಳದೆ ತರಬೇಡಿ.

ಎಣ್ಣೆಗೂ ಹೀಗೇ ಲೆಕ್ಕ ಇಡಿ. ಒಬ್ಬರಿಗೆ ದಿನಕ್ಕೆ ನಾಲ್ಕು ಟೀ ಚಮಚ ಎಂದುಕೊಂಡರೆ ನಾಲ್ಕು ಜನರಿಗೆ ತಿಂಗಳಿಗೆ ಎರಡೂವರೆ ಲೀಟರಿನ ಒಳಗೇ ಆಗಬೇಕು. ಐದು ಲೀಟರಿನ ಕ್ಯಾನ್ ಅಗ್ಗ ಎಂದು ತಂದರೆ ಕೈ ಧಾರಾಳವಾಗುತ್ತದೆ. ತಿಂಗಳ ಎಣ್ಣೆಯನ್ನು ಬೇರೆ ಡಬ್ಬಿಗೆ ಅಳೆದು ಹಾಕಿಟ್ಟು, ಚಮಚದಲ್ಲೇ ಬಳಸಿ, ಬಾಟಲಿಯಿಂದ ಬಾಣಲೆಗೆ ನೇರವಾಗಿ ಸುರಿಯಬೇಡಿ. ಕಡಲೆಕಾಯಿ ಎಣ್ಣೆ ಒಂದು ತಿಂಗಳು, ಸೂರ್ಯಕಾಂತಿಯೋ ಎಳ್ಳೆಣ್ಣೆಯೋ ಇನ್ನೊಂದು ತಿಂಗಳು, ಹೀಗೆ ಬದಲಿಸುತ್ತಿರಿ. ಹಬ್ಬಕ್ಕೆ ಕರಿದ ಎಣ್ಣೆಯನ್ನು ಸೋಸಿಟ್ಟು ಮತ್ತೆ ಮತ್ತೆ ಕಾಯಿಸುವ ಜಿಪುಣತನ ಮಾತ್ರ ಬೇಡ. ಕರಿಯುವಾಗಲೇ ಕಡಿಮೆ ಎಣ್ಣೆ ಇಟ್ಟು, ಚಿಕ್ಕ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಕರಿದರೆ ಮಿಗುವುದೇ ಇಲ್ಲ.

ಬೇಕರಿ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಎಣ್ಣೆ, ಡಾಲ್ಡಾಗಳಲ್ಲಿ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಫ್ಯಾಟ್ ಎಂಬ ಕೊಬ್ಬು 2 ಪರ್ಸೆಂಟ್ ಮೀರಬಾರದು ಎಂಬ ನಿಯಮ 2022ರ ಜನವರಿಯಿಂದ ದೇಶದಲ್ಲಿದೆ. ಹಾಗೆಂದು ಪಫ್ಸ್, ಖಾರಾ ಬಿಸ್ಕತ್ತು ಒಳ್ಳೆಯದಾಗಿ ಹೋಯಿತು ಅಂತಲ್ಲ. ಗಟ್ಟಿ ಕೊಬ್ಬು, ಉಪ್ಪು, ಮೈದಾ ಅಲ್ಲೇ ಇವೆ. ಸಂಜೆ ಕಾಫಿ ಜೊತೆಗೆ ಬೇಯಿಸಿದ ಕಡಲೆಕಾಯಿ ಒಂದು ಹಿಡಿ ಇಟ್ಟು ನೋಡಿ.

ಈಗಂತೂ ಅವರೆಕಾಯಿ ಕಾಲ. ಸೊಗಡಿನ ಅವರೆ ಮನೆಯಲ್ಲಿದ್ದರೆ ಪಥ್ಯ ಯಾರಿಗೆ ಬೇಕು ಹೇಳಿ? ಹಿತಕಿದ ಬೇಳೆ ಸಾರು, ಸೊಪ್ಪಿನ ಬಸ್ಸಾರು, ಹುರುಳಿ ಸಾರು, ರಾಗಿ ಮುದ್ದೆ, ಹೆಸರುಬೇಳೆ ಕೋಸಂಬರಿ, ಇವೆಲ್ಲ ಹೃದಯಕ್ಕೆ ಬೇಕಾದ ನಾರು, ಬೇಳೆಯ ಪುಷ್ಟಿ ಕೊಡುವ ಊಟವೇ. ತೆಂಗಿನಕಾಯಿ ಮಾತ್ರ ಹೋಳುಗಟ್ಟಲೆ ರುಬ್ಬಬೇಡಿ. ಅವರೆಕಾಳನ್ನು ಕರಿದು ಉಪ್ಪುಖಾರ ಹಾಕಿದ ಮಿಕ್ಸ್ಚರ್ ಬೇರೆ ಲೆಕ್ಕ, ಅದನ್ನು ಅವರೆಯ ಖಾತೆಗೆ ಸೇರಿಸಬೇಡಿ.

ಹೆಂಗಸರಿಗೆ ಒಂದು ಮಾತು. ಪಾತ್ರೆಯಲ್ಲಿ ಉಳಿದಿದ್ದು ಹಾಳಾಗುತ್ತದಲ್ಲ ಎಂದು ಎರಡನೇ ಸಲ ಅನ್ನ ಕಲಸುವವರು ನಾವೇ. ಕಡಿಮೆ ಬೇಯಿಸಿ, ಎಲ್ಲರ ಜೊತೆ ಕೂತು ಉಣ್ಣಿ. ಮುಟ್ಟು ನಿಂತ ಮೇಲೆ ಹೃದಯದ ಕಾಯಿಲೆಯ ಅಪಾಯ ನಮಗೂ ಏರುತ್ತದೆ. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಎಚ್ಚರ ಎಂದೇ ತಿಳಿಯಿರಿ. ತೂಕದ ಯಂತ್ರ ಬೇಡ, ದರ್ಜಿಯ ಟೇಪ್ ಸಾಕು.

ನಡಿಗೆ ವಾರಕ್ಕೆ 150 ನಿಮಿಷ ಆದರೆ ಸಾಕು. ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ, ಮಾತಾಡಬಹುದು ಆದರೆ ಹಾಡಲಾಗದಷ್ಟು ಬಿರುಸು. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ. ಆದ್ದರಿಂದ ವಯಸ್ಸಾದವರು, ಹೃದಯದ ತೊಂದರೆ ಇರುವವರು ಜನವರಿಯ ಮಂಜಿನಲ್ಲಿ ಐದಕ್ಕೇ ಹೊರಡುವ ಶೌರ್ಯ ತೋರಬೇಡಿ. ಬಿಸಿಲು ಬಂದ ಮೇಲೆ ಹೊರಡಿ.

ಮನೆಯಲ್ಲಿ ಬಿಪಿ ನೋಡುವವರು ಕಾಫಿ ಕುಡಿದು ಅರ್ಧ ಗಂಟೆ ಬಿಟ್ಟು, ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ನೆ ಕೂತು ನೋಡಿ. ತೋಳು ಎದೆಯ ಮಟ್ಟಕ್ಕಿರಲಿ, ಮಾತು ಬೇಡ. ಅಂಕಿ ಸರಿಯಾಗಿ ಬಂತು ಎಂದು ಮಾತ್ರೆ ನಿಲ್ಲಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಮಾತ್ರೆ ತೆಗೆದುಕೊಂಡಿದ್ದಕ್ಕೇ ಅದು ಸರಿಯಾಗಿದ್ದು! ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಹಿರಿಯರ ಮೇಲೂ ಇದೇ ಕೋಪ. ಬೀಡಿ ಸಿಗರೇಟಿನ ಹಾಗೆ ಅದೂ ಹೃದಯಕ್ಕೆ ಕೆಟ್ಟದ್ದು.

ಇನ್ನು ಎದೆನೋವು ಬಂದರೆ ಗ್ಯಾಸ್ ಎಂದುಕೊಳ್ಳುವ ವಿಷಯ. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಿದರೆ ಅದು ಹೃದಯಾಘಾತ ಇರಬಹುದು, ಸೋಡಾ ಕುಡಿದು ಮಲಗಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಏದುಸಿರು, ಸುಸ್ತು, ವಾಕರಿಕೆ ಬರುವುದೂ ಉಂಟು. 108ಕ್ಕೆ ಫೋನ್ ಮಾಡಿ. ಗಾಡಿ ನೀವೇ ಓಡಿಸಿಕೊಂಡು ಹೋಗಬೇಡಿ. ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅವರು ಹೇಳಿದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂದು ಈ ವಾರವೇ ವಿಚಾರಿಸಿಡಿ. ಅದರ ಫೋನ್ ನಂಬರು, ಮನೆಯವರು ನುಂಗುವ ಮಾತ್ರೆಗಳ ಹೆಸರು, ಎರಡನ್ನೂ ಒಂದೇ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.