ತಾತನ ಹುಟ್ಟುಹಬ್ಬ ಹಳೇ ಪೇಪರಿನಲ್ಲಿ ಸಿಕ್ಕಿದ್ದು ಹೀಗೆ

ನಮ್ಮ ತಾತನ ಶಾಲಾ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ನಿಮ್ಮ ಮನೆಯ ಹಿರಿಯರದ್ದೂ ಅದೇ ಇರಬಹುದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ತಾರೀಖು ಅದು. ಅದನ್ನು ನಂಬಿ ಪೇಪರ್ ಹುಡುಕಲು ಹೊರಟರೆ ಏನೂ ಸಿಗುವುದಿಲ್ಲ. ನಾನು ಎರಡು ದಿನ ಹಾಗೇ ಕಳೆದೆ.

ಮೊದಲು ಜಾತಕ ಹುಡುಕಿ. ನನಗೆ ಸಿಕ್ಕಿದ್ದು ದೇವರ ಪೆಟ್ಟಿಗೆಯಲ್ಲಿ, ಅರಿಶಿನದ ಕಲೆ ಹತ್ತಿದ ಮಡಿಕೆ ಕಾಗದ: ‘ನಳ ನಾಮ ಸಂವತ್ಸರ, ಶ್ರಾವಣ ಬಹುಳ ಪಂಚಮಿ’. ಸಂವತ್ಸರದ ಲೆಕ್ಕ ಸುಲಭ. ಅರವತ್ತರಲ್ಲಿ ಮೊದಲನೆಯದಾದ ಪ್ರಭವ ಶುರುವಾದದ್ದು 1927ರ ಯುಗಾದಿಗೆ, ಮತ್ತೆ 1987ರ ಯುಗಾದಿಗೆ. ನಳ ಐವತ್ತನೆಯದು. 1927ಕ್ಕೆ 49 ಕೂಡಿಸಿದರೆ 1976, ಅದರಿಂದ ಅರವತ್ತು ಹಿಂದಕ್ಕೆ ಹೋದರೆ 1916. ತಾತ ಹುಟ್ಟಿದ್ದು 1916ರ ಶ್ರಾವಣದಲ್ಲಿ. ಹುಟ್ಟಿದ ಸಂವತ್ಸರವೇ ತಿರುಗಿ ಬಂದಾಗ ಷಷ್ಟ್ಯಬ್ದಿ. ಹಾಗಾಗಿ ನೋಡಬೇಕಾದ ಪೇಪರು 1976ರ ಆಗಸ್ಟಿನದು.

ಇದು ಮುಖ್ಯ, ಯಾಕೆಂದರೆ ಆ ಕಾಲದವರು ಪ್ರತಿ ವರ್ಷ ಪೇಪರಿಗೆ ಬರುವಂಥ ಹುಟ್ಟುಹಬ್ಬ ಮಾಡುತ್ತಿರಲಿಲ್ಲ. ಎಣ್ಣೆನೀರು, ಆರತಿ, ಪಾಯಸ, ಅಷ್ಟೆ. ಸುದ್ದಿಯಾಗುತ್ತಿದ್ದದ್ದು ಅರವತ್ತು, ಎಪ್ಪತ್ತರ ಭೀಮರಥ ಶಾಂತಿ, ಎಂಬತ್ತು ದಾಟಿದವರ ಸಹಸ್ರ ಚಂದ್ರ ದರ್ಶನ. ಈ ಹೆಸರುಗಳನ್ನೇ ಕಣ್ಣಲ್ಲಿಟ್ಟುಕೊಳ್ಳಿ. ‘ವರ್ಧಂತಿ’, ‘ಷಷ್ಟಿಪೂರ್ತಿ’ ಅಂತಲೂ ಇರುತ್ತದೆ.

ಯಾವ ಪೇಪರ್ ಅನ್ನುವುದು ಊರಿನ ಮೇಲೆ, ವರ್ಷದ ಮೇಲೆ ನಿಂತಿದೆ. ‘ಪ್ರಜಾವಾಣಿ’ ಶುರುವಾದದ್ದು 1948ರಲ್ಲಿ, ‘ಕನ್ನಡಪ್ರಭ’ 1967ರಲ್ಲಿ, ಕರಾವಳಿಯವರ ‘ಉದಯವಾಣಿ’ 1970ರಲ್ಲಿ. ಹುಬ್ಬಳ್ಳಿ ಕಡೆಯವರಾದರೆ ‘ಸಂಯುಕ್ತ ಕರ್ನಾಟಕ’ ಬಿಡಬೇಡಿ. ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುತ್ತದೆ ಅಂತ ಕೂರಬೇಡಿ. ಹಳೆಯ ಅಚ್ಚಿನ ‘ಷ್ಟ್ಯ’ದಂಥ ಒತ್ತಕ್ಷರ ಯಂತ್ರಕ್ಕೆ ಸರಿಯಾಗಿ ದಕ್ಕುವುದಿಲ್ಲ. ಗ್ರಂಥಾಲಯದಲ್ಲಿ ಬೈಂಡ್ ಮಾಡಿಟ್ಟ ಸಂಪುಟ ಕೇಳಿ, ಕಣ್ಣಿನಿಂದಲೇ ಓದಿ.

ಹಾಳೆ ತಿರುಗಿಸುವಾಗ ಬೆರಳಿಗೆ ಎಂಜಲು ಹಚ್ಚಬೇಡಿ. ಮೇಲಿನ ಮೂಲೆಯ ಅಡಿಗೆ ಅಂಗೈ ಇಟ್ಟು ಮೆಲ್ಲಗೆ ಎತ್ತಿ. ನಡುವಿನಲ್ಲಿ ಹಿಡಿದರೆ ಹಪ್ಪಳದಂತೆ ಮುರಿಯುತ್ತದೆ. ಸಮಾರಂಭದ ದಿನದ ಪೇಪರೊಂದನ್ನೇ ನೋಡಿ ಎದ್ದು ಬರಬೇಡಿ, ಮುಂದಿನ ಎರಡು ವಾರದ್ದನ್ನೂ ನೋಡಿ. ಹಳ್ಳಿಯ ವರದಿ ಅಂಚೆಯಲ್ಲಿ ಹೋಗಿ ಜಾಗ ಸಿಕ್ಕಿದಾಗ ಅಚ್ಚಾಗುತ್ತಿತ್ತು. ಪೂರ್ತಿ ಹೆಸರಿಗೆ ಕಾಯದೆ ಊರಿನ ಹೆಸರು, ಇನಿಶಿಯಲ್, ‘ಮಾಜಿ ಶಾನುಭೋಗರು’ ಅನ್ನುವಂಥ ಮಾತು ಹುಡುಕಿ.

ನಮ್ಮದು ಒಂಬತ್ತನೇ ದಿನದ ಪೇಪರಿನಲ್ಲಿತ್ತು. ತುರ್ತು ಪರಿಸ್ಥಿತಿಯ ಕಾಲ. ಇಪ್ಪತ್ತು ಅಂಶಗಳ ಕಾರ್ಯಕ್ರಮದ ದೊಡ್ಡ ಸುದ್ದಿಯ ಕೆಳಗೆ, ಬೆರಳಗಲದ ಜಾಗದಲ್ಲಿ ಐದು ಸಾಲು. ಬೆಳಿಗ್ಗೆ ಹೋಮ, ಮಧ್ಯಾಹ್ನ ಸಂತರ್ಪಣೆ, ಸಂಜೆ ಹರಿಕಥೆ, ಊರ ಶಾಲೆಯ ಮಕ್ಕಳಿಗೆ ಸ್ಲೇಟು-ಬಳಪ. ಸ್ಲೇಟಿನ ಸಂಗತಿ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಓದುತ್ತಾ ಗಂಟಲು ಕಟ್ಟಿತು.

ಅಜ್ಜಿಯ ಹೆಸರು ಮಾತ್ರ ಇರಲಿಲ್ಲ, ‘ದಂಪತಿ’ ಎಂದಷ್ಟೇ ಇತ್ತು. ಹೆಂಗಸರ ಹುಟ್ಟಿದ ದಿನ ನಾನು ನೋಡಿದ ಪುಟಗಳಲ್ಲಿ ಒಂದೂ ಸಿಗಲಿಲ್ಲ. ಅದಕ್ಕೇ, ಸಿಕ್ಕ ಪುಟವನ್ನು ತಾರೀಖು ಕಾಣುವಂತೆ ಪೂರ್ತಿ ಫೋಟೊ ತೆಗೆದು, ಮನೆಯ ಹಿರಿಯ ಹೆಂಗಸರ ಮುಂದೆ ಇಡಿ. ನಮ್ಮ ಸೋದರತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದರು. “ಅವತ್ತು ಅಪ್ಪ ಮತ್ತೆ ತಾಳಿ ಕಟ್ಟಿದಾಗ ಅಮ್ಮ ತಲೆಯೇ ಎತ್ತಲಿಲ್ಲ ಕಣೋ. ಹಸಿರು ಸೀರೆ ಉಟ್ಟಿದ್ದಳು” ಅಂದರು. ಆ ಮಾತನ್ನು ಹಾಗೇ, ಅವತ್ತಿನ ತಾರೀಖು ಹಾಕಿ, ಪ್ರಿಂಟಿನ ಹಿಂಬದಿಗೆ ಬರೆದಿಟ್ಟಿದ್ದೇನೆ.