ಬೋರ್ ನೀರಿನ ಊರಿನಲ್ಲಿ ಕೆಟ್ಟ ಗೀಸರ್: ರಿಪೇರಿಯೇ, ಹೊಸದೇ?

ರಾಯಚೂರಿನಂಥ ಬಿಸಿಲ ಊರಿನಲ್ಲಿ ಗೀಸರ್ ವರ್ಷದ ಬಹುಪಾಲು ಗೋಡೆಯ ಮೇಲೆ ಸುಮ್ಮನಿರುತ್ತದೆ. ಅದು ಕೆಟ್ಟಿರುವುದು ತಿಳಿಯುವುದು ದೀಪಾವಳಿಯ ಎಣ್ಣೆಸ್ನಾನದ ನಸುಕಿನಲ್ಲಿ. ಆ ಗಡಿಬಿಡಿಯಲ್ಲಿ ಅಂಗಡಿಗೆ ಹೋಗುವ ಮೊದಲು, ಕೆಟ್ಟಿರುವುದು ಟ್ಯಾಂಕೋ ಬಿಡಿಭಾಗವೋ ಎಂಬುದನ್ನು ತಿಳಿದುಕೊಳ್ಳಬೇಕು. ಬಿಡಿಭಾಗಗಳನ್ನು ಬದಲಿಸಬಹುದು, ಆದರೆ ತೂತಾದ ಟ್ಯಾಂಕಿನ ರಿಪೇರಿಯನ್ನು ನೆಚ್ಚುವಂತಿಲ್ಲ.

ನೀರು ಸೋರುತ್ತಿದ್ದರೆ ಗೀಸರಿನ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಹನಿ ಎಲ್ಲಿಂದ ಬೀಳುತ್ತಿದೆಯೆಂದು ನೋಡಿರಿ. ನೀರು ಕಾಯುವಾಗ ಮಾತ್ರ ಸೇಫ್ಟಿ ವಾಲ್ವ್‌ನಿಂದ ನಾಲ್ಕು ಹನಿ ಬೀಳುವುದು ದೋಷವಲ್ಲ. ಕಾದ ನೀರು ಹಿಗ್ಗಿದಾಗ ಹೆಚ್ಚುವ ಒತ್ತಡವನ್ನು ಹೊರಬಿಡುವುದೇ ಅದರ ಕೆಲಸ. ಇದನ್ನು ಕಂಡು ಹೆದರಿ ವಾಲ್ವ್‌ನ ಬಾಯಿಯನ್ನೇ ಮುಚ್ಚುವವರಿದ್ದಾರೆ, ಅದು ಅಪಾಯಕಾರಿ. ಕೆಳಗಡೆ ನೀರು ಕಾಯಿಸುವ ಕಾಯಿಲ್ ಕೂರಿಸಿದ ಜಾಗದಲ್ಲಿ ನೀರು ಒಸರುತ್ತಿದ್ದರೆ ಹೆಚ್ಚಾಗಿ ರಬ್ಬರ್ ಗ್ಯಾಸ್ಕೆಟ್ ಸವೆದಿರುತ್ತದೆ. ಅದು ಸಣ್ಣ ಖರ್ಚಿನ ಕೆಲಸ. ಆದರೆ ಪೈಪಿನ ಜೋಡಣೆ, ವಾಲ್ವ್, ಗ್ಯಾಸ್ಕೆಟ್ ಎಲ್ಲವೂ ಒಣಗಿದ್ದು ಹೊರಕವಚದ ಸಂದಿಯಿಂದ ನೀರು ಬರುತ್ತಿದ್ದರೆ ಒಳಗಿನ ಟ್ಯಾಂಕ್ ತೂತಾಗಿದೆ ಎಂದರ್ಥ. ಆಗ ವಾರಂಟಿ ಕಾರ್ಡನ್ನು ಹುಡುಕಿರಿ, ಏಕೆಂದರೆ ಅನೇಕ ಕಂಪನಿಗಳು ಟ್ಯಾಂಕಿಗೆ ಉಳಿದ ಭಾಗಗಳಿಗಿಂತ ಹೆಚ್ಚು ವರ್ಷಗಳ ಭರವಸೆ ಕೊಟ್ಟಿರುತ್ತವೆ. ಆ ಅವಧಿಯೂ ಮುಗಿದಿದ್ದರೆ ಹೊಸದೇ ಗತಿ.

ಸೋರಿಕೆಯಿಲ್ಲದೆ ನೀರು ಮಾತ್ರ ಕಾಯದಿದ್ದರೆ ರಿಪೇರಿಯ ಕಡೆಗೇ ಒಲಿಯಬೇಕು. 2 ಕಿಲೋವ್ಯಾಟ್ ಕಾಯಿಲ್ 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಸುಮಾರು 20 ನಿಮಿಷದಲ್ಲಿ ಕಾಯಿಸಬೇಕು. ನೀರು ತಣ್ಣಗೇ ಉಳಿದರೆ ಕಾಯಿಲ್ ಸುಟ್ಟಿರಬಹುದು, ಇಲ್ಲವೇ ಬಿಸಿಯ ಮಟ್ಟ ನೋಡಿಕೊಳ್ಳುವ ಥರ್ಮೋಸ್ಟಾಟ್ ಅಥವಾ ಅತಿಯಾಗಿ ಕಾದಾಗ ಕರೆಂಟ್ ಕಡಿಯುವ ಕಟೌಟ್ ಕೈಕೊಟ್ಟಿರಬಹುದು. ಕಟೌಟನ್ನು ಬದಿಗೊತ್ತಿ ನೇರವಾಗಿ ವೈರ್ ಜೋಡಿಸಿಕೊಡುತ್ತೇನೆ ಎನ್ನುವ ಮಿಸ್ತ್ರಿಯನ್ನು ಅಲ್ಲಿಂದಲೇ ಕಳಿಸಿಬಿಡಿರಿ. ಬೋರಿನ ಗಡಸು ನೀರು ಬಳಸುವ ಮನೆಗಳಲ್ಲಿ ಕಾಯಿಲ್ ಮೇಲೆ ಸುಣ್ಣದ ಪೊರೆ ಕಟ್ಟುತ್ತದೆ. ಶಾಖ ನೀರಿಗೆ ಸರಾಗವಾಗಿ ಇಳಿಯದೆ ಕಾಯಿಲ್ ತಾನೇ ಬೆಂದುಹೋಗುತ್ತದೆ. ಕಾಯಿಲ್ ಬದಲಿಸಲು ಬಿಚ್ಚಿದಾಗಲೇ ಮೆಗ್ನೀಸಿಯಂ ಆನೋಡ್ ಸರಳನ್ನೂ ತೋರಿಸಲು ಹೇಳಿರಿ. ಟ್ಯಾಂಕಿನ ಬದಲು ತಾನು ಕರಗುವ ಈ ಸರಳು ಕಡ್ಡಿಯಷ್ಟು ತೆಳುವಾಗಿದ್ದರೆ ಅದನ್ನೂ ಬದಲಿಸಬೇಕು. ಟ್ಯಾಂಕಿನೊಳಗೆ ತುಕ್ಕು ಆಗಲೇ ಹಬ್ಬಿದ್ದರೆ ಹೊಸ ಕಾಯಿಲಿಗೆ ಹಣ ಸುರಿಯುವುದು ದಂಡ.

ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಅಂದಿನಿಂದಲೇ ಬಳಕೆ ನಿಲ್ಲಿಸಿರಿ. ಕಾಯಿಲ್ ಜೊತೆಗೆ ಮನೆಯ ಅರ್ಥಿಂಗನ್ನೂ ಪರೀಕ್ಷಿಸಬೇಕು. ಒಣಗಿ ಬಿರುಕುಬಿಟ್ಟ ನಮ್ಮ ಎರೆಮಣ್ಣಿನಲ್ಲಿ ಅರ್ಥಿಂಗ್ ದುರ್ಬಲವಾಗಿರಬಹುದು, ಹಾಗಿದ್ದಲ್ಲಿ ಗೀಸರ್ ಬದಲಿಸಿದ ಮಾತ್ರಕ್ಕೆ ಅಪಾಯ ತಪ್ಪದು.

ಗೀಸರಿಗೆ ಎಂಟು ವರ್ಷ ದಾಟಿದ್ದು, ರಿಪೇರಿಯ ಖರ್ಚು ಹೊಸದರ ಅರ್ಧ ಬೆಲೆಯನ್ನು ಮುಟ್ಟುವಂತಿದ್ದರೆ ನಾನು ಹೊಸದನ್ನೇ ಕೊಳ್ಳುತ್ತೇನೆ. ಕರೆಂಟ್ ಬಿಲ್ ಉಳಿಯುತ್ತದೆಂಬ ಕಾರಣಕ್ಕೆ ಮಾತ್ರ ಬದಲಿಸುವುದು ಬೇಡ: ಈ ಗೀಸರುಗಳಿಗೆ ಸ್ಟಾರ್ ಕೊಡುವುದು ಕಾದ ನೀರು ನಿಂತಲ್ಲೇ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬುದನ್ನು ನೋಡಿ, ಇಪ್ಪತ್ತು ನಿಮಿಷ ಹಾಕಿ ಆರಿಸಿ ಸ್ನಾನ ಮುಗಿಸುವ ಮನೆಗೆ ಅದರ ಲಾಭ ಅಲ್ಪವೇ. ಹಳೆಯದರ ಟ್ಯಾಂಕ್ ತಾಮ್ರದ್ದಾಗಿದ್ದರೆ, ಅಂಗಡಿಯವರು ಹೇಳುವ ಎಕ್ಸ್‌ಚೇಂಜ್ ಬೆಲೆಗೆ ಒಪ್ಪುವ ಮೊದಲು ಗುಜರಿಯಲ್ಲಿ ತೂಕಕ್ಕೆ ಎಷ್ಟು ಸಿಗುತ್ತದೆಂದು ವಿಚಾರಿಸಿರಿ.